ಮುಳುಗುಬಂಡಿಗೆ ಸಾಂಬ್ರಾಣಿ

ತೂತಿಲ್ಲದ ಸೀರೆ ನನ್ನ ಹತ್ತಿರ ಒಂದೂ ಇಲ್ಲ. ಮದುವೆಯ ರೇಷ್ಮೆ ಸೀರೆಗೂ ಸೆರಗಿನ ಹತ್ತಿರ ಕಡಲೆಕಾಳಿನಷ್ಟು ತೂತು ಬಿದ್ದಿದೆ. ಬ್ಯಾಟರಿಯ ಆಸಿಡ್ಡು ಚಿಮ್ಮಿದ್ದು ಆಗ ಗೊತ್ತಾಗುವುದಿಲ್ಲ, ಒಗೆದು ಒಣಹಾಕಿದ ಮೇಲೆ ತೂತಿನಲ್ಲಿ ಬಿಸಿಲು ಕಾಣುತ್ತದೆ. ಊರಿನ ಹೆಂಗಸರು ನೋಡಿ ನಗುತ್ತಾರೆ. ನಗಲಿ. ಅವರ ಗಂಡಂದಿರು ಬೆಳಿಗ್ಗೆ ನೀರಿಗೆ ಇಳಿದು ಸಂಜೆ ನೆಟ್ಟಗೆ ಮನೆಗೆ ಬರುವುದು ಈ ತೂತುಗಳ ಪುಣ್ಯದಿಂದ ಎಂದು ನಾನು ಮುಖದ ಮೇಲೇ ಹೇಳಿಬಿಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಒಬ್ಬರ ಮುಂದೆ ಮಾತ್ರ ಅದು ಏಳುತ್ತಿರಲಿಲ್ಲ. ಅವರು ನಮ್ಮತ್ತೆ ಪುಟ್ಟತಾಯಮ್ಮ. ನಾನು ಬಾಯಿ ಬಿಡದೆ ಇದ್ದದ್ದರಿಂದ ಒಂದು ಹಬ್ಬದ ದಿನ ಅವರನ್ನು ಕಳೆದುಕೊಳ್ಳುವುದರಲ್ಲಿದ್ದೆವು.

ನಮ್ಮೂರು ಎರಡು ಪಾಲು. ಮೇಲೂರು ಕೆರೆಯ ದಂಡೆಯಲ್ಲಿದೆ, ಕೆಳಗೂರು ಕೆರೆಯ ತಳದಲ್ಲಿದೆ. ಎರಡು ಕಡೆಯೂ ಮನೆ, ಅಂಗಡಿ, ಶಾಲೆ, ಜಗಳ ಎಲ್ಲ ಇವೆ. ಕೆಳಗಿನ ಮನೆಗಳ ಒಳಕ್ಕೆ ನೀರು ಬರುವುದಿಲ್ಲ, ಗಾಳಿಗೂ ಕೊರತೆಯಿಲ್ಲ, ಆದರೆ ಬೆಂಕಿ ಮಾತ್ರ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಅಷ್ಟೇ. ಹಾಗಾಗಿ ಕೆಳಗೂರಿನ ಅನ್ನ ಮೇಲೂರಿನ ಒಲೆಯ ಮೇಲೆ ಬೇಯುತ್ತದೆ. ಬಟ್ಟೆಯೂ ಕೆಳಗೆ ಒಣಗುವುದಿಲ್ಲ, ಅದೂ ಮೇಲೆ ಬರುತ್ತದೆ. ಕೆಳಗೆ ಯಾರ ಮನೆಯಲ್ಲಿ ಮಗು ಹುಟ್ಟಿತು ಎಂಬುದು ನಮಗೆ ಸುದ್ದಿ ಬರುವ ಮೊದಲೇ ತಂತಿಯ ಮೇಲಿನ ಬಟ್ಟೆ ನೋಡಿ ಗೊತ್ತಾಗುತ್ತದೆ. ನಮ್ಮ ಉಪ್ಪಿನಕಾಯಿ ಜಾಡಿ, ತುಪ್ಪದ ಗಡಿಗೆಗಳೆಲ್ಲ ಕೆಳಗಿನ ತಂಪಿನಲ್ಲಿ ಇರುತ್ತವೆ. ಹೆಣ್ಣು ಕೊಡುವುದು ತರುವುದು ಮೊದಲಿನಿಂದಲೂ ನಡೆದುಬಂದಿದೆ.

ಹೋಗಿ ಬರಲು ಮುಳುಗುಬಂಡಿ ಬೇಕು. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಅವರವರ ಬಂಡಿಯನ್ನು ಅವರವರೇ ಮಾಡಿಕೊಳ್ಳಬೇಕು. ಹಳೇ ಬಾಯ್ಲರು, ಹಾಲಿನ ಟ್ಯಾಂಕರಿನ ತುಂಡು, ಬಸ್ಸಿನ ಗಾಜು, ಏನು ಕೈಗೆ ಸಿಗುತ್ತದೋ ಅದನ್ನೆಲ್ಲ ಸೇರಿಸಿ ಬೆಸುಗೆ ಹಾಕಿ, ಮೇಲೊಂದು ಮುಚ್ಚಳ ಕೂರಿಸಿ, ಸೀಟಿನ ಕೆಳಗೆ ನಾಲ್ಕೋ ಆರೋ ಲಾರಿ ಬ್ಯಾಟರಿ ಇಡುತ್ತಾರೆ. ಆ ಬ್ಯಾಟರಿಗಳೆಲ್ಲ ನನ್ನ ಜವಾಬ್ದಾರಿ. ನೀರು ಕಡಿಮೆಯಾದರೆ ತುಂಬುವುದು, ತುದಿಗೆ ಹೂವಿನಂತೆ ಕಟ್ಟುವ ಬಿಳಿ ಕಿಲುಬನ್ನು ಸೋಡಾ ನೀರಿನಲ್ಲಿ ತೊಳೆಯುವುದು, ಬಂಡಿ ವಾಲಿದಾಗ ಉರುಳದ ಹಾಗೆ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು, ಸ್ಪ್ಯಾನರು ಬಿದ್ದು ಕಿಡಿ ಹಾರದ ಹಾಗೆ ಮೇಲೆ ರಬ್ಬರ್ ಹೊದಿಸುವುದು. ನಮ್ಮಪ್ಪ ಮಾಡುತ್ತಿದ್ದ ಕೆಲಸ ಇದು. ಅಪ್ಪ ಹೋದಾಗ ಕೆರೆಯ ಮೆಟ್ಟಿಲ ಪಕ್ಕದ ಬ್ಯಾಟರಿ ಶೆಡ್ಡಿಗೆ ಬೀಗ ಬೀಳುವುದರಲ್ಲಿತ್ತು. ಆಗ ಪುಟ್ಟತಾಯಮ್ಮನೇ ಪಂಚಾಯಿತಿ ಕಟ್ಟೆಯ ಮುಂದೆ ನಿಂತು, "ನಮ್ಮ ಸೊಸೆ ನೋಡ್ಕೋತಾಳೆ. ಅವಳಿಗೆ ಬರುತ್ತೆ" ಎಂದುಬಿಟ್ಟರು. ಸೊಸೆಯನ್ನು ಆಸಿಡ್ಡಿನ ಕೆಲಸಕ್ಕೆ ಕಳಿಸಿದ ಅತ್ತೆ ಈ ಊರಿನಲ್ಲಿ ಅವರೊಬ್ಬರೇ. ಅಂಥವರಿಗೆ ಎದುರು ಮಾತಾಡಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ.

ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಕೊನೆಕೊನೆಗೆ ಅದು ಕುದಿಯುತ್ತದೆ, ಕುದಿಯುವಾಗ ಒಂದು ಗಾಳಿ ಬಿಡುತ್ತದೆ. ಬಂಡಿಯ ಮುಚ್ಚಳ ತೆರೆದಿದ್ದರೆ ಆ ಗಾಳಿ ತಾನಾಗಿ ಮೇಲೆ ಹೋಗಿ ಕರಗುತ್ತದೆ. ಮುಚ್ಚಿದ್ದರೆ ಒಳಗೇ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಇದನ್ನು ಎಲ್ಲರಿಗೂ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ, ಸುಲಭದ ದಾರಿ ಹಿಡಿದೆ. ಹೆಚ್ಚು ಕುದ್ದ ಬ್ಯಾಟರಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಅದಕ್ಕೆ ಒಂದು ಹಲಗೆಯ ಮೇಲೆ, "ವಾಸನೆ ಇದ್ದರೆ ಹತ್ತಬೇಡಿ. ವಾಸನೆ ಹೋದ ಮೇಲೆ ಹತ್ತಿ" ಎಂದು ಬರೆದು ಮೆಟ್ಟಿಲ ಹತ್ತಿರ ನೇತುಹಾಕಿದೆ. ಜನ ಓದಿದರು, ಪಾಲಿಸಿದರು. ನಾನು ಬುದ್ಧಿವಂತಳೆಂದು ಬೀಗಿದೆ.

ನಮ್ಮತ್ತೆಯೂ ಓದಿದರು. ಅವರು ಕೆಳಗೂರಿನಲ್ಲಿ ಹುಟ್ಟಿದವರು, ಹದಿನೆಂಟಕ್ಕೆ ಮದುವೆಯಾಗಿ ಮೇಲೆ ಬಂದವರು. ಬೆಂಕಿಯ ಬೆರಗು ಅವರಿಗೆ ಇವತ್ತಿಗೂ ತೀರಿಲ್ಲ. ಎಪ್ಪತ್ತು ದಾಟಿದರೂ ಹಾಲು ಕಾಯಿಸುವಾಗ ಒಲೆಯ ಮುಂದೆ ಕೆನ್ನೆಗೆ ಕೈಕೊಟ್ಟು ಕೂರುತ್ತಾರೆ, ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ. ಸಂಜೆ ಸಾಂಬ್ರಾಣಿ ಹಾಕದೆ ಒಂದು ದಿನವೂ ಕಳೆದವರಲ್ಲ. ಹಲಗೆ ಓದಿ ಅವರು, "ವಾಸನೆ ಹೋಗ್ಬೇಕು ತಾನೆ? ಅದಕ್ಯಾಕೆ ಗಂಟೆಗಟ್ಲೆ ಬಾಯಿ ಬಾಯಿ ಬಿಟ್ಕೊಂಡು ಕಾಯ್ತೀರ?" ಎಂದು ಧೂಪಾರತಿಯಲ್ಲಿ ನಾಲ್ಕು ಕೆಂಡ ಹಾಕಿ, ಮೇಲೆ ಸಾಂಬ್ರಾಣಿ ಉದುರಿಸಿ, ಯಾರದೋ ಬಂಡಿಯೊಳಗೆ ಇಳಿಸಿದರು. ಎರಡೇ ನಿಮಿಷದಲ್ಲಿ ಮೊಟ್ಟೆ ವಾಸನೆ ಹೋಗಿ ದೇವರ ಮನೆಯ ವಾಸನೆ ಬಂತು. ಊರಿಗೆ ಊರೇ ಕುಣಿಯಿತು. ತಿಂಗಳು ತುಂಬುವುದರೊಳಗೆ ಪ್ರತಿ ಬಂಡಿಗೂ ಒಂದೊಂದು ಧೂಪಾರತಿ ಬಂದಿತ್ತು.

ನಾನು ಅರ್ಧ ಗಂಟಲಲ್ಲಿ, "ಅತ್ತೆ, ಬಂಡಿಯೊಳಗೆ ಬೆಂಕಿ ಬೇಡವಾಗಿತ್ತು" ಎಂದೆ. ಅವರು ನಕ್ಕರು. "ನೀರಿಗೆ ಹೋಗೋ ಬಂಡಿಗೆ ಬೆಂಕಿ ಭಯಾನಾ? ಕೆಳಗೆ ಕಡ್ಡಿ ಸಹ ಹತ್ತಲ್ಲ ಕಣೇ ಪದ್ಮ!" ಸುತ್ತ ಇದ್ದವರೆಲ್ಲ ನಕ್ಕರು. ಕೆಳಗೆ ಹತ್ತುವುದಿಲ್ಲ, ಆದರೆ ನೀವು ಕೆಂಡ ಹಾಕುವುದು ಮೇಲೆ, ದಡದಲ್ಲಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೆಚ್ಚಿನವರು ಮುಚ್ಚಳ ತೆರೆದೇ ಚಾರ್ಜು ಮಾಡುತ್ತಿದ್ದುದರಿಂದ ಒಂದು ವರ್ಷ ಏನೂ ಆಗಲಿಲ್ಲ. ಏನೂ ಆಗದ ಒಂದೊಂದು ದಿನವೂ ನನ್ನ ಬಾಯಿಗೆ ಇನ್ನೊಂದು ಹೊಲಿಗೆ ಹಾಕಿತು.

ಆಮೇಲೆ ಕೆಂಪರಾಜುವಿನ ಬಂಡಿ ಸಿಡಿಯಿತು. ಅವನು ಕೆಳಗೂರಿಗೆ ಊಟದ ಕ್ಯಾರಿಯರ್ ಸಾಗಿಸುವವನು. ಅವತ್ತು ತುಂತುರು ಮಳೆ ಎಂದು ಮುಚ್ಚಳ ಮುಚ್ಚಿಯೇ ಚಾರ್ಜು ಮಾಡಿದ್ದ. ಮುಚ್ಚಳ ಹಾರಿಹೋಗಿ ಕಿರಾಣಿ ಅಂಗಡಿಯ ಹೆಂಚಿನ ಮೇಲೆ ಬಿತ್ತು. ಕೆಂಪರಾಜುವಿನ ಹುಬ್ಬು ಸುಟ್ಟು, ಎಡಗಿವಿ ಕೇಳದಾಯಿತು. ಜೀವ ಉಳಿದದ್ದೇ ದೊಡ್ಡದು. ನಾನು ನೋಡಲು ಹೋದಾಗ ಅವನು ಹೇಳಿದ್ದು ಇಷ್ಟು: "ವಾಸನೆ ಒಂಚೂರೂ ಇರ್ಲಿಲ್ಲ ಪದ್ಮಕ್ಕ. ನಿಮ್ಮ ಹಲಗೆಯಲ್ಲಿ ಬರೆದ ಹಾಗೇ ಮೂಸಿ ನೋಡ್ದೆ. ಆದ್ರೂ ಇರ್ಲಿ ಅಂತ ಸಾಂಬ್ರಾಣಿ ಹಿಡ್ಕೊಂಡು ಬಗ್ಗಿದೆ." ಅವನ ಹೆಂಡತಿ ಕಾಫಿ ಕೊಟ್ಟಳು. ನನಗೆ ಕುಡಿಯಲಾಗಲಿಲ್ಲ. ಸಿಡಿಯುವ ಗಾಳಿಗೆ ವಾಸನೆಯೇ ಇಲ್ಲ ಎಂದು ಅಪ್ಪ ನನಗೆ ಚಿಕ್ಕಂದಿನಲ್ಲೇ ಹೇಳಿದ್ದರು. ನಾರುವುದು ಬೇರೆ, ಸಿಡಿಯುವುದು ಬೇರೆ. ಗೊತ್ತಿದ್ದೂ ನಾನು ಜನರ ಕೈಗೆ ಮೂಗನ್ನು ಕೊಟ್ಟು ಕಳಿಸಿದ್ದೆ.

ಅವತ್ತೇ ಹಲಗೆ ಕಿತ್ತು ಒಲೆಗೆ ಹಾಕಿದೆ. ಮನೆಮನೆಗೆ ಹೋಗಿ ಸಾಂಬ್ರಾಣಿ ನಿಲ್ಲಿಸಿ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಪರಾಜು ಸಾಂಬ್ರಾಣಿ ತಡ ಮಾಡಿ ಹಾಕಿದ, ಅದಕ್ಕೇ ಹೀಗಾಯಿತು ಎಂದು ಊರು ಆಗಲೇ ತೀರ್ಮಾನ ಮಾಡಿತ್ತು. ಹೋದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: "ನಿಮ್ಮತ್ತೆಗೆ ಹೇಳಿದ್ಯಾ? ಅವರೇನಂದ್ರು?" ನಾನು ಅತ್ತೆಗೆ ಹೇಳಿರಲಿಲ್ಲ. ಹೇಳಿದರೆ ಕೆಂಪರಾಜುವಿನ ಕಿವಿ ಹೋದದ್ದು ಅವರ ಉಪಾಯದಿಂದ ಎಂದು ಹೇಳಿದ ಹಾಗಾಗುತ್ತಿತ್ತು. ಅವರು ಅವನಿಗಾಗಿ ದಿನಾ ರಾಗಿ ಗಂಜಿ ಮಾಡಿ ಕಳಿಸುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಗೆ ಆ ವರ್ಷ ಎರಡು ಹಬ್ಬ. ನಮ್ಮ ಯಜಮಾನರು ಮಲ್ಲೇಶಪ್ಪ ಎಂಟು ತಿಂಗಳು ಕೂತು ಒಂದು ದೊಡ್ಡ ಮುಳುಗುಬಂಡಿ ಮಾಡಿದ್ದರು. ಎರಡು ಬಾಯ್ಲರು ಜೋಡಿಸಿದ್ದರಿಂದ ಅದಕ್ಕೆ ಹಂಡೆ ಎಂದೇ ಹೆಸರು ಬಿದ್ದಿತ್ತು. ಅದನ್ನು ಮಾಡಿದ್ದು ಅವರ ಅಮ್ಮನಿಗಾಗಿ. ಅತ್ತೆಗೆ ಮಂಡಿ ನೋವು, ಸಣ್ಣ ಬಂಡಿಯ ಮುಚ್ಚಳದೊಳಗೆ ಕಾಲು ಮಡಚಿ ಇಳಿಯಲು ಆಗುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ತವರಿಗೆ ಹೋಗಿರಲಿಲ್ಲ. ಕೆಳಗೆ ಅವರ ಅಕ್ಕ ದೊಡ್ಡತಾಯಮ್ಮ ಇದ್ದಾರೆ. ಅವರಿಗೆ ಮೇಲೆ ಬಂದರೆ ಕಿವಿಯಲ್ಲಿ ರಕ್ತ ಬರುತ್ತದೆ, ಬರುವ ಹಾಗಿಲ್ಲ. ಅಕ್ಕ ತಂಗಿಯರ ಮಾತುಕತೆಯೆಲ್ಲ ಉಪ್ಪಿನಕಾಯಿ ಜಾಡಿಯ ಮೂಲಕವೇ ನಡೆಯುತ್ತಿತ್ತು. ಉಪ್ಪು ಹೆಚ್ಚಾದರೆ ಕೋಪ, ಬೆಲ್ಲ ಹಾಕಿದ್ದರೆ ಪ್ರೀತಿ. ಹಂಡೆಗೆ ಅಗಲವಾದ ಬಾಯಿ, ಒಳಗೆ ಇಳಿಯಲು ಮೆಟ್ಟಿಲು, ಅತ್ತೆಗೆಂದೇ ಹೊಲಿಸಿದ ಕೆಂಪು ಮಖಮಲ್ಲಿನ ದಿಂಬು. ಹಬ್ಬದ ದಿನ ಪೂಜೆ ಮುಗಿದ ಕೂಡಲೇ ಅತ್ತೆ ಅಕ್ಕನ ಮನೆಗೆ ಊಟಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ಹಬ್ಬದ ಬೆಳಿಗ್ಗೆ ಕೆರೆಯ ಮೆಟ್ಟಿಲ ಉದ್ದಕ್ಕೂ ಬಂಡಿಗಳು ಸಾಲಾಗಿ ನಿಂತಿದ್ದವು. ಚೆಂಡುಹೂವು, ಬಾಳೆಕಂದು, ಕುಂಬಳಕಾಯಿ, ಕುಂಕುಮ. ನಾನು ಒಂದೊಂದು ಬಂಡಿಯ ಹತ್ತಿರವೂ ಹೋಗಿ ಮುಚ್ಚಳ ತೆಗೆಸಿ, ಆರತಿ ಹೊರಗೇ ಮಾಡಿ ಎಂದು ಗೋಗರೆದು, ಬೈಸಿಕೊಂಡು ಬರುತ್ತಿದ್ದೆ. ಸಾಲಿನ ಕೊನೆಯಲ್ಲಿ ನಮ್ಮ ಹಂಡೆ ಇತ್ತು. ಅಲ್ಲಿಗೆ ಬಂದು ನೋಡುತ್ತೇನೆ, ಚಾರ್ಜರಿನ ವೈರು ಮುಚ್ಚಳದ ಸಂದಿಯಿಂದ ಒಳಗೆ ಹೋಗಿದೆ, ಮುಚ್ಚಳ ಬಿಗಿಯಾಗಿ ಮುಚ್ಚಿದೆ, ಮೇಲೆ ಹೂವಿನ ಹಾರ. "ರೀ, ಯಾವಾಗ ಹಾಕಿದ್ದು ಇದನ್ನ?" ಎಂದೆ. "ಬೆಳಿಗ್ಗೆ ಐದಕ್ಕೇ. ಅಮ್ಮ ಹೋಗುವಾಗ ಫುಲ್ ಇರ್ಲಿ ಅಂತ" ಎಂದರು ಯಜಮಾನರು, ಹೆಮ್ಮೆಯಿಂದ. "ಮುಚ್ಚಳ?" "ಹನಿ ಬೀಳ್ತಿತ್ತು. ದಿಂಬು ನೆನೆಯುತ್ತಲ್ಲ" ಎನ್ನುತ್ತ ಅವರು ಹಾರ ಸರಿಸಿ ಮುಚ್ಚಳ ಎತ್ತಿದರು.

ಎತ್ತಿದ್ದು ಏಕೆಂದರೆ ಹಿಂದೆಯೇ ಅತ್ತೆ ನಿಂತಿದ್ದರು. ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಕೈಯಲ್ಲಿ ಧೂಪಾರತಿ, ಅದರಲ್ಲಿ ಕೆಂಪಗೆ ಉರಿಯುವ ಕೆಂಡ. ಊರಿನ ಅರ್ಧ ಜನ ಸುತ್ತ ಸೇರಿದ್ದರು, ಉಪಾಯ ಹೇಳಿಕೊಟ್ಟವರ ಕೈಯಿಂದಲೇ ಮೊದಲ ಧೂಪ ಎಂದು. ಅತ್ತೆ ಒಂದು ಕೈಯಲ್ಲಿ ಮಗನ ಭುಜ ಹಿಡಿದು ಮೆಟ್ಟಿಲು ಹತ್ತಿ, ಇನ್ನೊಂದು ಕೈಯನ್ನು ಹಂಡೆಯ ಬಾಯಿಯ ಕಡೆಗೆ ಚಾಚಿದರು. ನಾನು ಕೂಗಬೇಕೆಂದುಕೊಂಡೆ. ಅತ್ತೆ ಎಂಬ ಎರಡಕ್ಷರ ಹೊರಗೆ ಬರಲಿಲ್ಲ. ಬಾಯಿ ಏಳದಿದ್ದರೂ ಕೈ ಎದ್ದಿತು. ಕಿಲುಬು ತೊಳೆಯಲು ತಂದು ಕಾಲ ಬಳಿ ಇಟ್ಟಿದ್ದ ಸೋಡಾ ನೀರಿನ ಬಕೆಟ್ಟನ್ನು ಎತ್ತಿ ಕೆಂಡದ ಮೇಲೆ ಸುರಿದುಬಿಟ್ಟೆ.

ಅರ್ಧ ಬಕೆಟ್ ಕೆಂಡಕ್ಕೆ ಬಿತ್ತು, ಇನ್ನರ್ಧ ಅತ್ತೆಯ ಮೈಗೆ. ಚೊಂಯ್ ಎಂದು ಆವಿ ಎದ್ದಿತು. ಹಬ್ಬದ ದಿನ ಅತ್ತೆಯ ಕೈಯಲ್ಲಿನ ಧೂಪಕ್ಕೆ ನೀರು! ಯಾರೋ "ಅಯ್ಯೋ ಅನಿಷ್ಟವೇ" ಎಂದರು. ಯಜಮಾನರು "ಪದ್ಮಾ!" ಎಂದು ಕಿರುಚಿದರು, ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಧೂಪಾರತಿಯೊಳಗಿನ ಕಪ್ಪು ರಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಹನ್ನೊಂದು ವರ್ಷ ಆಗಿತ್ತು ಕಣೇ" ಎಂದು ಮೆಲ್ಲಗೆ ಹೇಳಿ, ಇಳಿದು, ಕಲ್ಲಿನ ಮೇಲೆ ಕೂತರು. ಆ ಮಾತಿಗಿಂತ ಅವರು ನನ್ನ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿ ಇತ್ತು.

ನಾನು ಅವರ ಮುಂದೆ ಮಂಡಿಯೂರಿದೆ. ಆಗ ಬಾಯಿ ಬಂತು. "ತಪ್ಪು ನಿಮ್ಮದಲ್ಲ ಅತ್ತೆ, ನನ್ನದು. ವಾಸನೆ ನೋಡಿ ಅಂತ ಬರೆದವಳು ನಾನು. ನೀವು ವಾಸನೆ ಓಡಿಸಿದ್ರಿ. ಸಿಡಿಯೋದಕ್ಕೆ ವಾಸನೆ ಇರಲ್ಲ ಅತ್ತೆ. ಒಂದು ವರ್ಷದಿಂದ ನಿಮಗೆ ಹೇಳೋಕೆ ಹೆದರಿದೆ. ಕೆಂಪರಾಜು ಕಿವಿ ಹೋದ್ಮೇಲೂ ಹೆದರಿದೆ." ಅತ್ತೆ ಎದ್ದು ಹೋಗಿ ಹಂಡೆಯ ಬಾಯಿಗೆ ಮೂಗು ಹಿಡಿದು ನೋಡಿದರು. "ಮಲ್ಲಿಗೆ ವಾಸನೆ ಬಿಟ್ಟು ಏನೂ ಇಲ್ಲ. ಖಾಲಿ ಇದೆಯಲ್ಲೇ" ಎಂದರು. "ಖಾಲಿ ಇಲ್ಲ ಅತ್ತೆ. ತೋರಿಸ್ತೀನಿ, ಬನ್ನಿ" ಎಂದೆ.

ಶೆಡ್ಡಿನ ಬಯಲಿನಲ್ಲಿ ಒಂದು ಬ್ಯಾಟರಿ ಚಾರ್ಜಿಗಿತ್ತು, ಚೆನ್ನಾಗಿ ಕುದಿಯುತ್ತಿತ್ತು. ಅದರ ಒಂದು ಮುಚ್ಚಳ ತೆಗೆದು, ಆ ತೂತಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಅಂಟುವಾಳದ ನೀರಿನಲ್ಲಿ ಅದ್ದಿದೆ. ಗುಳುಗುಳು ಎಂದು ನೊರೆ ಏಳತೊಡಗಿತು. ಒಂದು ತೆಂಗಿನ ಚಿಪ್ಪಿನ ತುಂಬ ಆ ನೊರೆ ತೆಗೆದುಕೊಂಡು ಮೆಟ್ಟಿಲ ಆ ತುದಿಗೆ, ಬಂಡಿಗಳಿಂದಲೂ ಜನರಿಂದಲೂ ದೂರ ಹೋಗಿ ಕಲ್ಲಿನ ಮೇಲಿಟ್ಟೆ. ಎಲ್ಲರೂ ಹಿಂದೆ ಸರಿಯಿರಿ ಎಂದೆ. ಉದ್ದನೆಯ ಬಿದಿರಿನ ತುದಿಗೆ ಎಣ್ಣೆ ಬತ್ತಿ ಕಟ್ಟಿ, ಹಚ್ಚಿ, ದೂರದಿಂದ ನೊರೆಗೆ ಮುಟ್ಟಿಸಿದೆ.

ಢಂ ಎಂದ ಸದ್ದಿಗೆ ಮರದ ಕಾಗೆಗಳೆಲ್ಲ ಹಾರಿದವು. ತೆಂಗಿನ ಚಿಪ್ಪು ಎರಡು ಹೋಳಾಗಿತ್ತು. ಗುಂಪಿನ ಹಿಂದಿನಿಂದ ಕೆಂಪರಾಜು ಬಲಗಿವಿಗೆ ಕೈ ಹಿಡಿದುಕೊಂಡು ಮುಂದೆ ಬಂದ. "ಇದೇ ಶಬ್ದ" ಎಂದ. "ನನ್ನ ಎಡಗಿವಿ ಕೊನೇದಾಗಿ ಕೇಳಿದ್ದು ಇದೇ ಶಬ್ದ." ನಾನು ಅತ್ತೆಯ ಕಡೆ ತಿರುಗಿ, "ಇದು ಒಂದು ಚಿಪ್ಪು ಅತ್ತೆ. ಹಂಡೆಯೊಳಗೆ ಎಷ್ಟು ಚಿಪ್ಪು ಹಿಡಿಯುತ್ತೆ?" ಎಂದೆ. ಅತ್ತೆ ಹಂಡೆಯನ್ನು ನೋಡಿದರು, ಮಗನನ್ನು ನೋಡಿದರು. ಧೂಪ ಹಿಡಿದಾಗ ಅವರ ಇನ್ನೊಂದು ಕೈ ಮಗನ ಭುಜದ ಮೇಲಿತ್ತಲ್ಲ, ಅದು ಅವರಿಗೆ ನೆನಪಾಗಿರಬೇಕು. ಮುಖ ಬಿಳಿಚಿಕೊಂಡಿತು. "ಇನ್ನೊಂದು ಸಲ ಮಾಡು" ಎಂದರು. ಮಾಡಿದೆ. "ಇನ್ನೊಂದು ಸಲ" ಎಂದರು. ಮೂರನೆಯ ಸಲಕ್ಕೆ ಅವರ ಕಣ್ಣಿನಲ್ಲಿ ಹಾಲು ಉಕ್ಕಿಸುವಾಗಿನ ಅದೇ ಬೆರಗು ಕಂಡಿತು. ನನಗೆ ಹೋದ ಜೀವ ಬಂತು.

"ಇದು ಹೊರಗೆ ಹೋಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು. "ದೂರದ ಸ್ವಿಚ್ಚು ಮೊದಲು ಆರಿಸ್ಬೇಕು. ಮುಚ್ಚಳ ಪೂರ್ತಿ ತೆರೆದು, ಮೊರದಲ್ಲಿ ಬೀಸಿ, ಒಂದು ಗಂಟೆ ಬಿಡ್ಬೇಕು. ಆಮೇಲೆ ವೈರು ಕೀಳೋದು." "ಒಂದು ಗಂಟೆ! ಅಷ್ಟು ಹೊತ್ತು ಸುಮ್ನೆ ಕೂತ್ಕೊಳ್ಳಿ ಅಂದ್ರೆ ಯಾರು ಕೂತ್ಕೋತಾರೆ? ಕೈಗೊಂದು ಕೆಲ್ಸ ಕೊಡ್ಬೇಕು ಕಣೇ. ಅದು ನಿನಗೆ ಹೊಳೀಲಿಲ್ಲ" ಎಂದರು. ಬೈಗುಳವೇ, ಆದರೆ ನನಗೆ ಹಾಯೆನಿಸಿತು. ಆಮೇಲೆ ಒದ್ದೆ ತುರುಬನ್ನು ಬಿಚ್ಚಿ ಹಿಂಡುತ್ತ, "ತಲೆ ಬೇರೆ ತೋಯಿಸಿದೀಯ. ಹೋಗು, ಹೊಸ ಕೆಂಡ ತಗೊಂಡು ಬಾ" ಎಂದರು. ನಾನು ಬೆಚ್ಚಿದೆ. "ಬಂಡಿಗಲ್ಲ ಮಾರಾಯ್ತಿ, ನನಗೆ!"

ಬಂಡಿಗಳಿಂದ ದೂರ, ಅರಳಿಕಟ್ಟೆಯ ಆಚೆ ಬದಿಗೆ ಅವರು ಕೂತರು. ಬಾಣಂತಿಗೆ ಮಾಡುವ ಹಾಗೆ ಕೆಂಡದ ಮೇಲೆ ಬುಟ್ಟಿ ಕವುಚಿ, ಸಾಂಬ್ರಾಣಿ ಹಾಕಿ, ಬುಟ್ಟಿಯ ಮೇಲೆ ಕೂದಲು ಹರಡಿದೆವು. ಸೆರಗಿಗೂ ಹೊಗೆ ಹಿಡಿದೆವು. ಇತ್ತ ಯಜಮಾನರು ಹಂಡೆಯ ಬಾಯಿಯ ಹತ್ತಿರ ನಿಂತು ಮೊರದಲ್ಲಿ ಬೀಸಿದ್ದೇ ಬೀಸಿದ್ದು. ನನ್ನ ಮೇಲೆ ಕಿರುಚಿದ್ದಕ್ಕೆ ಒಂದು ಮಾತೂ ಆಡಲಿಲ್ಲ, ಬೀಸುವ ರಭಸದಲ್ಲೇ ಕ್ಷಮೆ ಕೇಳುತ್ತಿದ್ದರು. ಆ ದಪ್ಪ ಕೂದಲು ಒಣಗಲು ಗಂಟೆಯ ಮೇಲೆ ಹತ್ತು ನಿಮಿಷ ಹಿಡಿಯಿತು.

ಈಗ ನಮ್ಮೂರಿನಲ್ಲಿ ಅದೇ ಪದ್ಧತಿಯಾಗಿದೆ. ಕೆಳಗೆ ಹೋಗುವವರು ಚಾರ್ಜು ಆರಿಸಿ, ಮುಚ್ಚಳ ತೆರೆದು, ಅರಳಿಕಟ್ಟೆಯ ಆಚೆ ಹೋಗಿ ತಲೆಗೋ ಬಟ್ಟೆಗೋ ಸಾಂಬ್ರಾಣಿ ಹಿಡಿಯುತ್ತಾರೆ. ಬೋಳುತಲೆಯವರು ಟವೆಲ್ಲು ಒದ್ದೆ ಮಾಡಿಕೊಂಡು ಬರುತ್ತಾರೆ. ಒಣಗಿದ ಮೇಲೆ ಎದ್ದರೆ ಬಂಡಿಯೂ ಗಾಳಿಯಾಡಿ ಸಿದ್ಧವಾಗಿರುತ್ತದೆ. ಹಲಗೆಯ ಜಾಗದಲ್ಲಿ ಈಗ ಹಲಗೆ ಇಲ್ಲ, ಎರಡು ಹೋಳಾದ ಆ ತೆಂಗಿನ ಚಿಪ್ಪು ನೇತಾಡುತ್ತದೆ. ಅದಾದ ಮೇಲೆ ನಮ್ಮ ಕೆರೆಯಲ್ಲಿ ಒಂದು ಬಂಡಿಯೂ ಸಿಡಿದಿಲ್ಲ.

ಅವತ್ತು, ಹಬ್ಬದ ಮಧ್ಯಾಹ್ನ, ಹಂಡೆ ಇಳಿಯಿತು. ಯಜಮಾನರು ನಡೆಸಿದರು, ನಾನು ಬ್ಯಾಟರಿಯ ಪಕ್ಕ ಕೂತೆ, ಅತ್ತೆ ಮಖಮಲ್ಲಿನ ದಿಂಬಿನ ಮೇಲೆ ಕೂತು ಗಾಜಿಗೆ ಹಣೆ ಒತ್ತಿಕೊಂಡಿದ್ದರು. ನೀರು ಹಸಿರಾಯಿತು, ಆಮೇಲೆ ನೀಲಿಯಾಯಿತು, ಕೆಳಗೂರಿನ ಬ್ಯಾಟರಿ ದೀಪಗಳು ಕಂಡವು. ದೊಡ್ಡತಾಯಮ್ಮ ಬಾಗಿಲಲ್ಲೇ ನಿಂತಿದ್ದರು, ನಮ್ಮತ್ತೆಗಿಂತ ಒಂದು ಗೇಣು ಕುಳ್ಳಗೆ. ಅಕ್ಕ ತಂಗಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಆಮೇಲೆ ದೊಡ್ಡತಾಯಮ್ಮನ ಮೂಗು ಅರಳಿತು. ತಂಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿಕೊಂಡು, ಕೂದಲಿನಲ್ಲಿ ಮುಖ ಹುದುಗಿಸಿ, ಉಸಿರು ಎಳೆದರು. ಬಿಡಲೇ ಇಲ್ಲ. "ಪುಟ್ಟಿ" ಎಂದರು ಕೂದಲೊಳಗಿನಿಂದಲೇ, "ಬೆಂಕಿ ತಂದಿದೀಯೇನೇ?"

"ಬೆಂಕಿ ದಡದ ಮೇಲೇ ಬಿಟ್ಟೆ ಅಕ್ಕ" ಎಂದರು ನಮ್ಮತ್ತೆ, ನನ್ನ ಕೈ ಹಿಡಿದು ಮುಂದಕ್ಕೆ ಎಳೆದುಕೊಳ್ಳುತ್ತ. "ಇವಳು ಬಿಡಿಸಿದಳು."